ಹಳೆಯ ಲ್ಯಾಪ್‌ಟಾಪ್‌ನ ಪ್ರಾರಂಭ ದೋಷ: ಕಾರಣ, ಪತ್ತೆ, ಪರಿಹಾರ

ಆರೇಳು ವರ್ಷ ದಾಟಿದ ಲ್ಯಾಪ್‌ಟಾಪ್‌ಗಳಲ್ಲಿ ಆಗಾಗ ಕಾಣುವ ತೊಂದರೆಗಳಲ್ಲಿ ಅನಿಶ್ಚಿತ ಪ್ರಾರಂಭವೂ ಒಂದು. ಬೆಳಿಗ್ಗೆ ಗುಂಡಿ ಒತ್ತಿದರೆ ದೀಪ ಹೊತ್ತಿ ಆರುತ್ತದೆ. ಮೂರನೆಯ ಸಲ ಒತ್ತಿದಾಗ ಯಂತ್ರ ಎಂದಿನಂತೆ ತೆರೆದುಕೊಂಡು ಸಂಜೆಯವರೆಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಗಡಿಗೆ ಒಯ್ದಾಗ ಮೊದಲ ಸಲಕ್ಕೇ ಆನ್ ಆಗಿ, ದುರಸ್ತಿಗಾರರಿಗೆ ದೋಷವೇ ಕಾಣದೆ ಹೋಗುವುದೂ ಉಂಟು. ಇಂಥ ಸಂದರ್ಭದಲ್ಲಿ ಕೆಲವರು ಬೋರ್ಡ್ ಹೋಗಿದೆ ಎಂದು ಯಂತ್ರವನ್ನೇ ಕೈಬಿಡುತ್ತಾರೆ. ಇನ್ನು ಕೆಲವರು ಫಾರ್ಮ್ಯಾಟ್ ಮಾಡಿ ಕಡತಗಳನ್ನು ಕಳೆದುಕೊಳ್ಳುತ್ತಾರೆ. ಎರಡೂ ಆತುರದ ಕ್ರಮಗಳು. ಲ್ಯಾಪ್‌ಟಾಪ್‌ನ ಪ್ರಾರಂಭವು ಒಂದಾದ ಮೇಲೊಂದರಂತೆ ಗೊತ್ತಾದ ಕ್ರಮದಲ್ಲಿ ನಡೆಯುವ ಹಂತಗಳ ಸರಣಿ. ಆ ಸರಣಿ ಯಾವ ಹಂತದಲ್ಲಿ ಕಡಿಯುತ್ತಿದೆ ಎಂಬುದನ್ನು ಮೊದಲು ಗುರುತಿಸಿದರೆ ಹುಡುಕಬೇಕಾದ ಜಾಗ ಕಿರಿದಾಗುತ್ತದೆ, ಖರ್ಚೂ ಕಡಿಮೆಯಾಗುತ್ತದೆ.

## ಗುಂಡಿ ಒತ್ತಿದ ಮೇಲೆ ನಡೆಯುವುದೇನು

ಮೊದಲ ಹಂತ ವಿದ್ಯುತ್ತಿನದು. ಚಾರ್ಜರ್ ಎಂದೇ ಕರೆಯಲಾಗುವ ಅಡಾಪ್ಟರ್, ಗೋಡೆಯ ಪ್ಲಗ್‌ನಿಂದ ಬರುವ 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು ಸುಮಾರು 19 ಅಥವಾ 20 ವೋಲ್ಟ್ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಮದರ್‌ಬೋರ್ಡ್ ಮೇಲಿನ ಸಣ್ಣ ಪರಿವರ್ತಕಗಳು ಅದನ್ನು 5 ವೋಲ್ಟ್, 3.3 ವೋಲ್ಟ್ ಹಾಗೂ ಸಂಸ್ಕಾರಕಕ್ಕೆ ಬೇಕಾದ 1 ವೋಲ್ಟ್ ಆಸುಪಾಸಿನ ಮಟ್ಟಕ್ಕೆ ಇಳಿಸುತ್ತವೆ. ಇದರ ಮೇಲ್ವಿಚಾರಣೆ ನಡೆಸುವುದು ಎಂಬೆಡೆಡ್ ಕಂಟ್ರೋಲರ್ ಎಂಬ ಚಿಕ್ಕ ಚಿಪ್. ಯಂತ್ರ ಆಫ್ ಆಗಿದ್ದರೂ ವಿದ್ಯುತ್ ಸಂಪರ್ಕ ಇರುವವರೆಗೆ ಇದು ಎಚ್ಚರವಾಗಿರುತ್ತದೆ. ಗುಂಡಿ ಒತ್ತಿದ್ದನ್ನು ಮೊದಲು ಗ್ರಹಿಸುವುದು ಇದೇ ಚಿಪ್. ಒಂದೊಂದೇ ವಿದ್ಯುತ್ ಮಾರ್ಗವನ್ನು ತೆರೆಸಿ ಸಂಸ್ಕಾರಕವನ್ನು ಎಬ್ಬಿಸುವುದೂ ಇದೇ.

ಎರಡನೆಯ ಹಂತದಲ್ಲಿ ಸಂಸ್ಕಾರಕವು ಮದರ್‌ಬೋರ್ಡ್‌ನ ಫ್ಲ್ಯಾಶ್ ಚಿಪ್ಪಿನಲ್ಲಿರುವ ಫರ್ಮ್‌ವೇರ್ ಎಂಬ ಮೂಲ ತಂತ್ರಾಂಶವನ್ನು ಓದುತ್ತದೆ. 1981ರ ಐಬಿಎಂ ಪಿಸಿಯ ಕಾಲದಿಂದ ಬಂದ ಬಯೋಸ್ ಈ ಕೆಲಸವನ್ನು ಮಾಡುತ್ತಿತ್ತು. 2005ರಲ್ಲಿ ಉದ್ಯಮದ ಕಂಪನಿಗಳು ಸೇರಿ ಯುಇಎಫ್‌ಐ ವೇದಿಕೆಯನ್ನು ರಚಿಸಿದ ಮೇಲೆ ಹೊಸ ಮಾನದಂಡ ಕ್ರಮೇಣ ಅದರ ಸ್ಥಾನಕ್ಕೆ ಬಂದಿದೆ. ಆಡುಮಾತಿನಲ್ಲಿ ಈಗಲೂ ಎರಡನ್ನೂ ಬಯೋಸ್ ಎಂದೇ ಕರೆಯುತ್ತಾರೆ. ಫರ್ಮ್‌ವೇರ್ ಮೊದಲು ಸ್ಮೃತಿ, ಕೀಲಿಮಣೆ, ಚಿತ್ರ ಘಟಕ ಮುಂತಾದವುಗಳ ಸ್ವಯಂಪರೀಕ್ಷೆ ನಡೆಸುತ್ತದೆ. ಪರದೆಯ ಮೇಲೆ ತಯಾರಕರ ಲಾಂಛನ ಮೂಡುವುದು ಈ ಹಂತದಲ್ಲಿ.

ಮೂರನೆಯ ಹಂತದಲ್ಲಿ ಫರ್ಮ್‌ವೇರ್ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯನ್ನು ಹುಡುಕಿ, ಅದರಲ್ಲಿರುವ ಬೂಟ್ ಲೋಡರ್ ಎಂಬ ಸಣ್ಣ ಕ್ರಮವಿಧಿಗೆ ಅಧಿಕಾರ ಒಪ್ಪಿಸುತ್ತದೆ. ನಾಲ್ಕನೆಯ ಹಂತದಲ್ಲಿ ಬೂಟ್ ಲೋಡರ್ ವಿಂಡೋಸ್ ಅಥವಾ ಲಿನಕ್ಸ್‌ನಂಥ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಸ್ಮೃತಿಗೆ ತುಂಬುತ್ತದೆ. ಐದನೆಯ ಹಂತದಲ್ಲಿ ಚಾಲಕ ತಂತ್ರಾಂಶಗಳೂ ಹಿನ್ನೆಲೆಯ ಸೇವೆಗಳೂ ಆರಂಭವಾಗಿ ಪಾಸ್‌ವರ್ಡ್ ಕೇಳುವ ಪರದೆ ಬರುತ್ತದೆ. ಹಿಂದಿನ ಹಂತ ಮುಗಿಯದೆ ಮುಂದಿನದು ಆರಂಭವಾಗುವುದಿಲ್ಲ. ದೋಷ ಪತ್ತೆಯ ಇಡೀ ವಿಧಾನ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

## ದುರಸ್ತಿಗೆ ಮುನ್ನ

ಅನಿಶ್ಚಿತವಾಗಿ ತೆರೆದುಕೊಳ್ಳುವ ಯಂತ್ರ ಯಾವ ದಿನ ಪೂರ್ತಿ ನಿಲ್ಲುತ್ತದೆಂದು ಹೇಳಲಾಗದು. ಆದ್ದರಿಂದ ಅದು ಒಮ್ಮೆ ತೆರೆದುಕೊಂಡ ಕೂಡಲೇ ಮುಖ್ಯ ಕಡತಗಳನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳಬೇಕು. ನಕಲು ಮುಗಿಯುವವರೆಗೆ ಯಂತ್ರವನ್ನು ಆಫ್ ಮಾಡಬಾರದು. ವಿಂಡೋಸ್‌ನ ಬಿಟ್‌ಲಾಕರ್ ಗೂಢಲಿಪೀಕರಣ ಚಾಲ್ತಿಯಲ್ಲಿದ್ದರೆ ಅದರ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಬೇರೆಡೆ ಬರೆದಿಟ್ಟುಕೊಳ್ಳಬೇಕು. ಬಯೋಸ್ ವ್ಯವಸ್ಥೆಯಲ್ಲಿ ಬದಲಾವಣೆಯಾದಾಗ ಅಥವಾ ಮದರ್‌ಬೋರ್ಡ್ ಬದಲಿಸಿದಾಗ ವಿಂಡೋಸ್ ಈ ಕೀಲಿಯನ್ನು ಕೇಳಬಹುದು. ಕೀಲಿ ಇಲ್ಲದಿದ್ದರೆ ಡಿಸ್ಕ್ ಸರಿಯಾಗಿದ್ದರೂ ಕಡತಗಳು ಕೈಗೆ ಸಿಗುವುದಿಲ್ಲ.

ಯಂತ್ರದ ತಳ ಬಿಚ್ಚುವ ಮೊದಲು ಅಡಾಪ್ಟರ್ ತೆಗೆಯಬೇಕು. ಬಿಚ್ಚಿದ ಕೂಡಲೇ ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳಭಾಗ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ, ಒಳಗಿನ ಬ್ಯಾಟರಿ ಪೂರಿಯಂತೆ ಉಬ್ಬಿರುವ ಸಂಭವವಿದೆ. ಅಂಥ ಬ್ಯಾಟರಿಯನ್ನು ಚಾರ್ಜ್ ಮಾಡುವುದು, ಒತ್ತುವುದು, ಚೂಪಾದ ಸಾಧನದಿಂದ ಮೀಟುವುದು ಅಪಾಯಕರ. ಲಿಥಿಯಂ ಅಯಾನ್ ಕೋಶದ ಒಳಪದರ ಹರಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಈ ಕೆಲಸವನ್ನು ಅನುಭವಿಗಳಿಗೆ ಬಿಡುವುದು ಕ್ಷೇಮ.

## ಲಕ್ಷಣದಿಂದ ಹಂತವನ್ನು ಗುರುತಿಸುವುದು

ಯಾವ ಭಾಗವನ್ನೂ ಮುಟ್ಟುವ ಮೊದಲು ಯಂತ್ರವನ್ನು ಗಮನಿಸಬೇಕು. ದೀಪ, ಫ್ಯಾನಿನ ಸದ್ದು, ಪರದೆಯ ಮೇಲಿನ ಅಕ್ಷರ ಈ ಮೂರೂ ಸಾಕಷ್ಟು ಮಾಹಿತಿ ಕೊಡುತ್ತವೆ.

- ಯಾವ ದೀಪವೂ ಹೊತ್ತದಿದ್ದರೆ, ಫ್ಯಾನ್ ತಿರುಗದಿದ್ದರೆ ದೋಷ ಮೊದಲ ಹಂತದಲ್ಲಿದೆ: ಅಡಾಪ್ಟರ್, ಚಾರ್ಜಿಂಗ್ ಪಿನ್, ಬ್ಯಾಟರಿ, ಪವರ್ ಗುಂಡಿ ಅಥವಾ ಬೋರ್ಡಿನ ವಿದ್ಯುತ್ ಭಾಗ.
- ದೀಪ ಹೊತ್ತಿ ಫ್ಯಾನ್ ತಿರುಗಿದರೂ ಲಾಂಛನ ಮೂಡದಿದ್ದರೆ ದೋಷ ಎರಡನೆಯ ಹಂತದಲ್ಲಿರಬಹುದು: ಸ್ಮೃತಿ, ಫರ್ಮ್‌ವೇರ್, ಚಿತ್ರ ಘಟಕ ಅಥವಾ ಪರದೆ.
- ಲಾಂಛನ ಮೂಡಿದ ನಂತರ ಬೂಟ್ ಸಾಧನ ಸಿಗಲಿಲ್ಲ ಎಂಬ ಸಂದೇಶ ಬಂದರೆ ಮೂರನೆಯ ಹಂತ: ಡಿಸ್ಕ್, ಅದರ ಕೇಬಲ್ ಅಥವಾ ಬಯೋಸ್ ಆಯ್ಕೆಗಳು.
- ಸುತ್ತುವ ಚುಕ್ಕೆಗಳು ನಿಲ್ಲದಿದ್ದರೆ, ನೀಲಿ ಪರದೆ ಬಂದರೆ ನಾಲ್ಕನೆಯ ಅಥವಾ ಐದನೆಯ ಹಂತ: ಕಾರ್ಯಾಚರಣ ವ್ಯವಸ್ಥೆ, ಚಾಲಕ ತಂತ್ರಾಂಶ ಅಥವಾ ಸಾಯುತ್ತಿರುವ ಡಿಸ್ಕ್.

ಎರಡನೆಯ ಹಂತದಲ್ಲಿ ಪರದೆಯೇ ಕತ್ತಲಾಗಿರುವುದರಿಂದ ತಯಾರಕರು ಬೇರೆ ಸಂಕೇತಗಳನ್ನು ಅಳವಡಿಸಿರುತ್ತಾರೆ. ಹಳೆಯ ಯಂತ್ರಗಳು ಬೀಪ್ ಸದ್ದಿನಿಂದಲೂ ಹೊಸವು ದೀಪದ ಮಿಣುಕಿನಿಂದಲೂ ದೋಷವನ್ನು ಸೂಚಿಸುತ್ತವೆ. ಉದಾಹರಣೆಗೆ, ಡೆಲ್‌ನ ಹಲವು ಮಾದರಿಗಳಲ್ಲಿ ದೀಪವು ಎರಡು ಸಲ ಕಿತ್ತಳೆ, ಮೂರು ಸಲ ಬಿಳಿ ಮಿಣುಕಿದರೆ ಸ್ಮೃತಿ ಪತ್ತೆಯಾಗಿಲ್ಲ ಎಂದರ್ಥ. ಸಂಕೇತಗಳು ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದರಿಂದ ಆಯಾ ಮಾದರಿಯ ಕೈಪಿಡಿಯನ್ನೇ ನೋಡಬೇಕು.

ಪರದೆ ಮಾತ್ರ ಕೆಟ್ಟಿದ್ದರೂ ಯಂತ್ರವೇ ಆನ್ ಆಗಿಲ್ಲವೆಂದು ತೋರಬಹುದು. ಇದನ್ನು ಖಚಿತಪಡಿಸಿಕೊಳ್ಳಲು ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಗೆ ಜೋಡಿಸಿ ನೋಡಬಹುದು. ಕತ್ತಲೆಯ ಕೋಣೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿದಾಗ ಮಸುಕು ಚಿತ್ರ ಕಂಡರೆ ಯಂತ್ರ ನಡೆಯುತ್ತಿದೆ, ಪರದೆಯ ಹಿಂಬೆಳಕು ಮಾತ್ರ ಹೋಗಿದೆ ಎಂದು ತಿಳಿಯಬೇಕು.

## ವಿದ್ಯುತ್ ಪೂರೈಕೆ: ಅಡಾಪ್ಟರ್, ಪಿನ್, ಬ್ಯಾಟರಿ

ಮೊದಲ ಪರೀಕ್ಷೆ ಅಡಾಪ್ಟರ್‌ನದು. ಅದರ ಮೇಲೆ ಮುದ್ರಿತವಾದ ವೋಲ್ಟೇಜನ್ನು ಮಲ್ಟಿಮೀಟರ್‌ನಿಂದ ಅಳೆದು ಹೋಲಿಸಬಹುದು. 19.5 ವೋಲ್ಟ್ ಎಂದು ಬರೆದಿರುವ ಕಡೆ 15 ವೋಲ್ಟ್ ಬಂದರೆ ಅಡಾಪ್ಟರ್ ಕೆಟ್ಟಿದೆ. ಆದರೆ 19.5 ಬಂದ ಮಾತ್ರಕ್ಕೆ ಅದು ಸರಿಯಾಗಿದೆ ಎನ್ನಲಾಗದು. ಯಂತ್ರ ಆನ್ ಆಗುವ ಕ್ಷಣದಲ್ಲಿ ವಿದ್ಯುತ್ ಬೇಡಿಕೆ ಒಮ್ಮೆಲೇ ಏರುತ್ತದೆ. ಮುಪ್ಪಾದ ಅಡಾಪ್ಟರ್ ಆ ಹೊರೆ ತಾಳದೆ ಕುಸಿಯುತ್ತದೆ; ಹೊರೆ ಇಳಿದ ಮೇಲೆ ಮೀಟರ್‌ನಲ್ಲಿ ಮತ್ತೆ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ದೀಪ ಹೊತ್ತಿ ಆರುವ ಲಕ್ಷಣದ ಹಿಂದೆ ಈ ಕಾರಣ ಇರುವುದುಂಟು. ಅದೇ ಸಾಮರ್ಥ್ಯದ ಇನ್ನೊಂದು ಅಡಾಪ್ಟರ್ ಜೋಡಿಸಿ ನೋಡುವುದೇ ನಿಜವಾದ ಪರೀಕ್ಷೆ. ಬದಲಿ ಅಡಾಪ್ಟರ್‌ನ ವೋಲ್ಟ್ ಒಂದೇ ಆಗಿರಬೇಕು, ಆಂಪಿಯರ್ ಸಮ ಅಥವಾ ಹೆಚ್ಚು ಇರಬೇಕು, ಪಿನ್ನಿನ ಅಳತೆಯೂ ಧ್ರುವಗಳೂ ಹೊಂದಬೇಕು.

ಅಡಾಪ್ಟರ್ ಸೇರುವ ಚಾರ್ಜಿಂಗ್ ಪಿನ್ ದಿನವೂ ಎಳೆತ ಜಗ್ಗಾಟಕ್ಕೆ ಸಿಲುಕುವ ಭಾಗ. ವರ್ಷಗಳು ಕಳೆದಂತೆ ಅದರ ಬೆಸುಗೆ ಬಿರುಕು ಬಿಡುತ್ತದೆ. ತಂತಿಯನ್ನು ಒಂದು ಕೋನದಲ್ಲಿ ಹಿಡಿದಾಗ ಮಾತ್ರ ದೀಪ ಹೊತ್ತಿದರೆ, ಪಿನ್ನಿನ ಬಳಿ ಬಿಸಿ ಅಥವಾ ಕರಕಲು ವಾಸನೆ ಬಂದರೆ, ದೋಷ ಅಲ್ಲಿಯೇ ಇದೆ. ಎಷ್ಟೋ ಮಾದರಿಗಳಲ್ಲಿ ಈ ಪಿನ್ ಪ್ರತ್ಯೇಕ ತಂತಿಯ ಬಿಡಿಭಾಗವಾಗಿರುವುದರಿಂದ ಬೆಸುಗೆ ಹಾಕದೆಯೇ ಬದಲಿಸಬಹುದು.

ಬ್ಯಾಟರಿಯ ಆಯುಷ್ಯಕ್ಕೆ ಮಿತಿಯಿದೆ. ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿಗಳು 300ರಿಂದ 500 ಪೂರ್ಣ ಆವರ್ತನಗಳ ಹೊತ್ತಿಗೆ ಮೂಲ ಸಾಮರ್ಥ್ಯದ ಐದನೆಯ ಒಂದು ಭಾಗವನ್ನು ಕಳೆದುಕೊಳ್ಳುತ್ತವೆ. ವಯಸ್ಸಾದಂತೆ ಆಂತರಿಕ ರೋಧ ಹೆಚ್ಚಿ, ಪ್ರಾರಂಭದ ಕ್ಷಣಿಕ ಬೇಡಿಕೆಗೆ ವೋಲ್ಟೇಜ್ ಕುಸಿಯುತ್ತದೆ. ಬ್ಯಾಟರಿ ತೆಗೆದು ಅಡಾಪ್ಟರ್‌ನಿಂದ ಮಾತ್ರ, ನಂತರ ಅಡಾಪ್ಟರ್ ತೆಗೆದು ಬ್ಯಾಟರಿಯಿಂದ ಮಾತ್ರ ಪ್ರಾರಂಭಿಸಿ ನೋಡಿದರೆ ತಪ್ಪು ಯಾರ ಕಡೆಯದು ಎಂಬುದು ಹೊರಬೀಳುತ್ತದೆ. ಬ್ಯಾಟರಿಯನ್ನು ಯಂತ್ರದೊಳಗೇ ಕೂರಿಸಿರುವ ಹಲವು ಥಿಂಕ್‌ಪ್ಯಾಡ್ ಮಾದರಿಗಳಲ್ಲಿ ಅದನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುವ ಆಯ್ಕೆ ಬಯೋಸ್‌ನಲ್ಲಿಯೇ ಇದೆ.

## ಉಳಿಕೆ ವಿದ್ಯುತ್ತಿನ ವಿಸರ್ಜನೆ

ಎಂಬೆಡೆಡ್ ಕಂಟ್ರೋಲರ್ ಎಂದೂ ಪೂರ್ತಿ ಆಫ್ ಆಗದ ಚಿಪ್ ಆದ್ದರಿಂದ ವಿದ್ಯುತ್ ಏರುಪೇರಿನ ನಂತರ ಅದು ತಪ್ಪು ಸ್ಥಿತಿಯಲ್ಲಿ ಸಿಲುಕಿಕೊಳ್ಳಬಹುದು. ಆಗ ಗುಂಡಿಯನ್ನು ಎಷ್ಟು ಒತ್ತಿದರೂ ಪ್ರತಿಕ್ರಿಯೆ ಇರುವುದಿಲ್ಲ. ಅಡಾಪ್ಟರ್ ಹಾಗೂ ಬ್ಯಾಟರಿ ಎರಡನ್ನೂ ಬೇರ್ಪಡಿಸಿ, ಪವರ್ ಗುಂಡಿಯನ್ನು 15ರಿಂದ 30 ಸೆಕೆಂಡು ಒತ್ತಿ ಹಿಡಿದರೆ ಧಾರಕಗಳಲ್ಲಿ ಉಳಿದಿರುವ ವಿದ್ಯುತ್ ಖಾಲಿಯಾಗಿ ಈ ಚಿಪ್ ಹೊಸದಾಗಿ ಆರಂಭವಾಗುತ್ತದೆ. ಬ್ಯಾಟರಿ ಒಳಗಿರುವ ಕೆಲವು ಮಾದರಿಗಳ ತಳದಲ್ಲಿ ಇದಕ್ಕಾಗಿಯೇ ಸೂಜಿರಂಧ್ರವಿರುತ್ತದೆ. ನೆಟ್ಟಗೆ ಮಾಡಿದ ಕಾಗದದ ಕ್ಲಿಪ್ಪಿನಿಂದ ಅದರೊಳಗಿನ ಸ್ವಿಚ್ಚನ್ನು ಒತ್ತಬಹುದು. ಖರ್ಚಿಲ್ಲದ, ಅಪಾಯವಿಲ್ಲದ ಈ ಕ್ರಮವನ್ನು ಯಾವುದೇ ಬಿಡಿಭಾಗ ಕೊಳ್ಳುವ ಮೊದಲು ಮಾಡಿ ನೋಡಬೇಕು. ಪದೇ ಪದೇ ಇದರ ಅಗತ್ಯ ಬೀಳುತ್ತಿದ್ದರೆ ಮೂಲ ಕಾರಣ ಬೇರೆಡೆ ಇದೆ ಎಂದು ತಿಳಿಯಬೇಕು.

## ಗಡಿಯಾರದ ಕೋಶ

ಹೆಚ್ಚಿನ ಹಳೆಯ ಲ್ಯಾಪ್‌ಟಾಪ್‌ಗಳ ಬೋರ್ಡಿನ ಮೇಲೆ ನಾಣ್ಯದಾಕಾರದ 3 ವೋಲ್ಟ್ ಕೋಶವೊಂದು ಇರುತ್ತದೆ. ಸಾಮಾನ್ಯವಾಗಿ ಬಳಸುವ ಸಿಆರ್2032 ಕೋಶದ ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿ, ಎರಡು ಸಣ್ಣ ತಂತಿಗಳ ಮೂಲಕ ಬೋರ್ಡಿಗೆ ಜೋಡಿಸಿರುವುದುಂಟು. ಯಂತ್ರಕ್ಕೆ ಬೇರೆ ವಿದ್ಯುತ್ ಇಲ್ಲದಿರುವಾಗ ಗಡಿಯಾರವನ್ನು ನಡೆಸುವುದು ಈ ಕೋಶದ ಕೆಲಸ. ಹಳೆಯ ಬಯೋಸ್ ಯಂತ್ರಗಳಲ್ಲಿ ಆಯ್ಕೆಗಳನ್ನು ನೆನಪಿನಲ್ಲಿ ಉಳಿಸುವುದೂ ಇದೇ.

ಕೋಶ ಬರಿದಾದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಬ್ಯಾಂಕಿನ ಜಾಲತಾಣಗಳು ಸುರಕ್ಷತಾ ಪ್ರಮಾಣಪತ್ರ ಅಮಾನ್ಯವೆಂದು ತೆರೆಯಲು ನಿರಾಕರಿಸುತ್ತವೆ. ಪ್ರಮಾಣಪತ್ರದ ಅವಧಿಯನ್ನು ಬ್ರೌಸರ್ ಯಂತ್ರದ ಗಡಿಯಾರದೊಡನೆ ಹೋಲಿಸುವುದೇ ಇದಕ್ಕೆ ಕಾರಣ. ಬಯೋಸ್ ಆಯ್ಕೆಗಳು ಮೂಲ ಸ್ಥಿತಿಗೆ ಮರಳಿ, ಡಿಸ್ಕ್ ಓದುವ ವಿಧಾನ ಬದಲಾದರೆ, ಸರಿಯಾಗಿರುವ ವಿಂಡೋಸ್ ಕೂಡ ತೆರೆಯುವುದಿಲ್ಲ. ಕೆಲವು ದಿನ ಬಳಸದೆ ಬಿಟ್ಟಾಗಲೆಲ್ಲ ತೊಂದರೆ ಕೊಟ್ಟು, ದಿನವೂ ಬಳಸುವಾಗ ಸರಿಯಾಗಿರುವ ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ದಿನಾಂಕವನ್ನು.

## ಸ್ಮೃತಿ ಫಲಕ

ದೀಪ ಹೊತ್ತಿ ಪರದೆ ಕತ್ತಲಾಗಿಯೇ ಉಳಿಯುವುದಕ್ಕೆ ರ‍್ಯಾಮ್ ಎಂಬ ಸ್ಮೃತಿ ಫಲಕ ಸಾಮಾನ್ಯ ಕಾರಣ. ಡಿಡಿಆರ್3 ಮಾದರಿಯ ಲ್ಯಾಪ್‌ಟಾಪ್ ಫಲಕದಲ್ಲಿ 204, ಡಿಡಿಆರ್4ರಲ್ಲಿ 260 ಸಂಪರ್ಕ ಬಿಂದುಗಳಿವೆ. ಇವುಗಳಲ್ಲಿ ಒಂದರ ಮೇಲೆ ದೂಳು ಅಥವಾ ತೇವದ ಪೊರೆ ಕೂತರೂ ಸ್ವಯಂಪರೀಕ್ಷೆ ವಿಫಲವಾಗಬಹುದು. ತಾಪಕ್ಕೆ ತಕ್ಕಂತೆ ಲೋಹ ಹಿಗ್ಗಿ ಕುಗ್ಗುವುದರಿಂದ ಸಂಪರ್ಕ ಒಮ್ಮೆ ಕೂಡಿ ಒಮ್ಮೆ ತಪ್ಪುತ್ತದೆ. ದೋಷ ಬಂದು ಹೋಗುವಂತೆ ಕಾಣುವುದು ಇದರಿಂದಲೇ.

ಪರಿಹಾರ ಸರಳ. ಬ್ಯಾಟರಿ ಬೇರ್ಪಡಿಸಿದ ಮೇಲೆ ಫಲಕದ ಎರಡು ಪಕ್ಕಗಳ ಲೋಹದ ಕೊಂಡಿಗಳನ್ನು ಹೊರಕ್ಕೆ ಸರಿಸಬೇಕು. ಫಲಕ ತಾನೇ ಸುಮಾರು 30 ಡಿಗ್ರಿ ಕೋನಕ್ಕೆ ಏಳುತ್ತದೆ. ಅದನ್ನು ಅದೇ ಓರೆಯಲ್ಲಿ ಎಳೆದು ತೆಗೆದು, ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೃದು ಬಟ್ಟೆಯಿಂದ ಒರೆಸಬೇಕು. ಒಣಗಿದ ನಂತರ ಫಲಕದ ಕಚ್ಚನ್ನು ಸಾಕೆಟ್ಟಿನ ಏಣಿಗೆ ಹೊಂದಿಸಿ, ಓರೆಯಾಗಿಯೇ ಕೊನೆಯವರೆಗೆ ತಳ್ಳಿ, ಕೆಳಕ್ಕೆ ಒತ್ತಿದರೆ ಎರಡೂ ಕೊಂಡಿಗಳು ಟಕ್ಕೆಂದು ಕೂರುತ್ತವೆ. ಚಿನ್ನದ ಅಂಚು ಹೊರಗೆ ಹೆಚ್ಚು ಕಾಣುತ್ತಿದ್ದರೆ ಫಲಕ ಪೂರ್ತಿ ಒಳಹೋಗಿಲ್ಲ. ಇದಾದ ಮೇಲಿನ ಮೊದಲ ಪ್ರಾರಂಭದಲ್ಲಿ ಫರ್ಮ್‌ವೇರ್ ಸ್ಮೃತಿಯ ವೇಗವನ್ನು ಹೊಸದಾಗಿ ಹೊಂದಿಸಿಕೊಳ್ಳುವುದರಿಂದ ಪರದೆ ಸ್ವಲ್ಪ ಹೊತ್ತು ಕತ್ತಲಾಗಿರಬಹುದು, ತಾಳ್ಮೆಯಿಂದ ಕಾಯಬೇಕು.

ಎರಡು ಫಲಕಗಳಿದ್ದರೆ ಒಂದೊಂದನ್ನೇ, ಒಂದೊಂದು ಸಾಕೆಟ್ಟಿನಲ್ಲಿ ಕೂರಿಸಿ ಪರೀಕ್ಷಿಸಬೇಕು. ತಪ್ಪು ಫಲಕದ ಜೊತೆ ಹೋಗುತ್ತದೋ ಸಾಕೆಟ್ಟಿನಲ್ಲೇ ಉಳಿಯುತ್ತದೋ ಎಂಬುದು ಇದರಿಂದ ತಿಳಿಯುತ್ತದೆ. ಅನುಮಾನ ಉಳಿದರೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ನಡೆಸಬಹುದು. ಒಂದೇ ಒಂದು ದೋಷ ಕಂಡರೂ ಆ ಫಲಕವನ್ನು ನಂಬುವಂತಿಲ್ಲ.

## ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿ

ಹತ್ತು ವರ್ಷ ಹಿಂದಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ನಿಮಿಷಕ್ಕೆ 5400 ಸುತ್ತು ತಿರುಗುವ 2.5 ಇಂಚಿನ ಹಾರ್ಡ್ ಡಿಸ್ಕ್ ಇದೆ. ಫಲಕಗಳು ತಿರುಗಿ ನಿಗದಿತ ವೇಗ ತಲುಪಿದ ಮೇಲೆಯೇ ಡಿಸ್ಕ್ ಉತ್ತರ ಕೊಡಬಲ್ಲದು. ಮೋಟಾರು ಸವೆದಾಗ ಈ ವೇಗ ಪಡೆಯಲು ಹೆಚ್ಚು ಸಮಯ ಹಿಡಿಯುತ್ತದೆ. ಫರ್ಮ್‌ವೇರ್ ಗೊತ್ತಾದ ಅವಧಿಯವರೆಗೆ ಕಾದು, ಡಿಸ್ಕ್ ಇಲ್ಲವೆಂದು ಘೋಷಿಸುತ್ತದೆ. ಬಳಕೆದಾರರು ಮತ್ತೆ ಪ್ರಾರಂಭಿಸುವಷ್ಟರಲ್ಲಿ ಡಿಸ್ಕ್ ತಿರುಗುತ್ತಲೇ ಇರುವುದರಿಂದ ಎರಡನೆಯ ಸಲ ಯಂತ್ರ ಸಲೀಸಾಗಿ ತೆರೆಯುತ್ತದೆ. ಮೊದಲ ಸಲ ವಿಫಲವಾಗಿ ಎರಡನೆಯ ಸಲ ಯಶಸ್ವಿಯಾಗುವ ಲಕ್ಷಣದ ಹಿಂದೆ ಇಂಥದೊಂದು ಕಾರಣ ಇರಬಹುದು.

ಡಿಸ್ಕ್‌ಗಳು ತಮ್ಮ ಆರೋಗ್ಯವನ್ನು ತಾವೇ ದಾಖಲಿಸಿಕೊಳ್ಳುವ ಸ್ಮಾರ್ಟ್ ಎಂಬ ವ್ಯವಸ್ಥೆಯಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಿಂದ ಇದನ್ನು ಓದಬಹುದು. ಕೆಟ್ಟ ವಿಭಾಗಗಳನ್ನು ಬದಲಿಸಿದ ಲೆಕ್ಕ 5 ಎಂಬ ಗುರುತು ಸಂಖ್ಯೆಯ ಸಾಲಿನಲ್ಲಿಯೂ, ಓದಲಾಗದೆ ಬಾಕಿಯಿರುವ ವಿಭಾಗಗಳ ಲೆಕ್ಕ 197 ಎಂಬ ಗುರುತು ಸಂಖ್ಯೆಯ ಸಾಲಿನಲ್ಲಿಯೂ ಇರುತ್ತದೆ. ಈ ಸಂಖ್ಯೆಗಳು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ. ಟಿಕ್ ಟಿಕ್ ಸದ್ದು ಬರತೊಡಗಿದ್ದರೆ ಪರೀಕ್ಷೆಗಳನ್ನೂ ನಿಲ್ಲಿಸಿ, ಮೊದಲು ಕಡತಗಳನ್ನು ಉಳಿಸಿಕೊಳ್ಳಬೇಕು. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಗಳು ಸದ್ದಿನ ಎಚ್ಚರಿಕೆ ಕೊಡುವುದಿಲ್ಲ. ನಿನ್ನೆಯವರೆಗೆ ಸರಿಯಾಗಿದ್ದದ್ದು ಇಂದು ಬಯೋಸ್ ಪಟ್ಟಿಯಿಂದಲೇ ಮಾಯವಾಗಬಹುದು.

ಹಾರ್ಡ್ ಡಿಸ್ಕ್ ತೆಗೆದು ಅದೇ ಅಳತೆಯ ಸಾಟಾ ಎಸ್‌ಎಸ್‌ಡಿ ಹಾಕುವುದು ಹಳೆಯ ಲ್ಯಾಪ್‌ಟಾಪ್‌ಗೆ ಮಾಡಬಹುದಾದ ಅತ್ಯಂತ ಫಲಕಾರಿ ದುರಸ್ತಿ. ಪ್ರಾರಂಭ ವಿಶ್ವಾಸಾರ್ಹವಾಗುವ ಜೊತೆಗೆ ಯಂತ್ರದ ಒಟ್ಟು ವೇಗವೂ ಎದ್ದು ಕಾಣುವಷ್ಟು ಹೆಚ್ಚುತ್ತದೆ.

## ಶಾಖ, ದೂಳು ಮತ್ತು ತೇವ

ಸಂಸ್ಕಾರಕದ ತಾಪ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಅದು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ; ಆಗಲೂ ತಾಪ ಇಳಿಯದಿದ್ದರೆ ಯಂತ್ರ ತಾನಾಗಿ ಆಫ್ ಆಗುತ್ತದೆ. ಫ್ಯಾನಿನ ಹಿಂದಿನ ಲೋಹದ ರೆಕ್ಕೆಗಳ ನಡುವೆ ದೂಳು ಕಂಬಳಿಯಾಗಿ ಕೂತಿದ್ದರೆ, ಸಂಸ್ಕಾರಕದ ಮೇಲಿನ ಉಷ್ಣವಾಹಕ ಲೇಪ ಒಣಗಿ ಬಿರಿದಿದ್ದರೆ, ಪ್ರಾರಂಭವಾದ ಕೆಲವೇ ನಿಮಿಷಗಳಲ್ಲಿ ಯಂತ್ರ ನಿಲ್ಲಬಹುದು. ಕೆಲವು ಮಾದರಿಗಳು ಫ್ಯಾನ್ ತಿರುಗದಿದ್ದರೆ ಸಂದೇಶ ತೋರಿಸಿ ಮುಂದುವರಿಯಲು ನಿರಾಕರಿಸುತ್ತವೆ. ದೂಳು ತೆಗೆದು ಹೊಸ ಲೇಪ ಹಚ್ಚುವುದು ಕಡಿಮೆ ವೆಚ್ಚದ ಕೆಲಸ.

ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳು ಇಲೆಕ್ಟ್ರಾನಿಕ್ ಸಾಧನಗಳಿಗೆ ಕಠಿಣ ಕಾಲ. ಗಾಳಿಯಲ್ಲಿನ ತೇವ ದೂಳಿನೊಡನೆ ಸೇರಿ ಸಂಪರ್ಕ ಬಿಂದುಗಳ ನಡುವೆ ವಿದ್ಯುತ್ ಸೋರುವ ದಾರಿ ಮಾಡುತ್ತದೆ. ತಾಮ್ರದ ಮೇಲೆ ಹಸಿರು ಕಿಲುಬು ಏಳುತ್ತದೆ. ಕಡಲ ದಡದಲ್ಲಿ ಗಾಳಿಯ ಉಪ್ಪು ಇದನ್ನು ಇನ್ನಷ್ಟು ಚುರುಕಾಗಿಸುತ್ತದೆ. ತಿಂಗಳುಗಟ್ಟಲೆ ಚೀಲದಲ್ಲಿ ಮುಚ್ಚಿಟ್ಟ ಯಂತ್ರಕ್ಕಿಂತ ದಿನವೂ ಒಂದಿಷ್ಟು ಹೊತ್ತು ಬಳಸುವ ಯಂತ್ರ ಹೆಚ್ಚು ಕಾಲ ಬಾಳುತ್ತದೆ, ಏಕೆಂದರೆ ಅದರ ಶಾಖವೇ ತೇವವನ್ನು ಹೊರಹಾಕುತ್ತದೆ.

## ತಂತ್ರಾಂಶದ ದೋಷಗಳು

ಯಂತ್ರಾಂಶ ಪೂರ್ತಿ ಸರಿಯಾಗಿದ್ದೂ ಪ್ರಾರಂಭ ವಿಫಲವಾಗಬಹುದು ಎಂಬುದನ್ನು ಜಗತ್ತು ಒಟ್ಟಿಗೆ ಕಂಡದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ದೋಷಪೂರಿತ ಪರಿಷ್ಕರಣೆಯಿಂದ, ಮೈಕ್ರೊಸಾಫ್ಟ್‌ನ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಸೇಫ್ ಮೋಡ್‌ನಲ್ಲಿ ತೆರೆದು ಒಂದು ಕಡತ ಅಳಿಸಿದ್ದೇ ಅದಕ್ಕೆ ಪರಿಹಾರವಾಯಿತು. ಯಾವ ಬಿಡಿಭಾಗವನ್ನೂ ಬದಲಿಸಬೇಕಾಗಲಿಲ್ಲ.

ಮನೆಯ ಲ್ಯಾಪ್‌ಟಾಪ್‌ಗಳಲ್ಲಿ ಗಮನಿಸಬೇಕಾದದ್ದು 2012ರ ವಿಂಡೋಸ್ 8ರೊಂದಿಗೆ ಬಂದ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ. ಇದು ಚಾಲ್ತಿಯಲ್ಲಿದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸ್‌ನ ತಿರುಳು ಪೂರ್ತಿ ಮುಚ್ಚುವುದಿಲ್ಲ. ಅದರ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿ, ಮುಂದಿನ ಸಲ ಅಲ್ಲಿಂದಲೇ ಮುಂದುವರಿಸಲಾಗುತ್ತದೆ. ಹಳೆಯ ಚಾಲಕ ತಂತ್ರಾಂಶಗಳು ಈ ಪುನರಾರಂಭಕ್ಕೆ ಹೊಂದದೆ ಪರದೆ ಕಪ್ಪಾಗಿ ನಿಲ್ಲಬಹುದು. ರೀಸ್ಟಾರ್ಟ್‌ಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಆದ್ದರಿಂದ ರೀಸ್ಟಾರ್ಟ್ ಪ್ರತಿಸಲ ಸರಿಯಾಗಿ ನಡೆದು, ಶಟ್‌ಡೌನ್ ನಂತರದ ಪ್ರಾರಂಭ ಮಾತ್ರ ವಿಫಲವಾಗುತ್ತಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಇದನ್ನು ನಿಲ್ಲಿಸಿ ನೋಡಬೇಕು.

ವಿಂಡೋಸ್ ಸತತವಾಗಿ ಎರಡು ಬಾರಿ ತೆರೆಯಲು ವಿಫಲವಾದರೆ ಮುಂದಿನ ಬಾರಿ ದುರಸ್ತಿ ಪರಿಸರ ತಾನಾಗಿ ಬರುತ್ತದೆ. ಸ್ಟಾರ್ಟಪ್ ರಿಪೇರ್, ಇತ್ತೀಚಿನ ಪರಿಷ್ಕರಣೆಯನ್ನು ತೆಗೆದುಹಾಕುವುದು, ಹಿಂದಿನ ಸ್ಥಿತಿಗೆ ಮರಳುವುದು, ಸೇಫ್ ಮೋಡ್ ಇವೆಲ್ಲ ಅಲ್ಲಿ ಸಿಗುತ್ತವೆ. ಫಾರ್ಮ್ಯಾಟ್ ಮಾಡುವುದು ಇವೆಲ್ಲ ಮುಗಿದ ಮೇಲಿನ ಕೊನೆಯ ದಾರಿ.

ಯಂತ್ರಾಂಶ ಮತ್ತು ತಂತ್ರಾಂಶಗಳ ನಡುವೆ ಗೆರೆ ಎಳೆಯುವ ಉತ್ತಮ ಸಾಧನವೆಂದರೆ ಲಿನಕ್ಸ್ ತುಂಬಿದ ಪೆನ್‌ಡ್ರೈವ್. ಉಬುಂಟುವಿನಂಥ ವ್ಯವಸ್ಥೆಯನ್ನು ಡಿಸ್ಕ್‌ಗೆ ಅಳವಡಿಸದೆಯೇ ಪೆನ್‌ಡ್ರೈವ್‌ನಿಂದ ನೇರವಾಗಿ ನಡೆಸಬಹುದು. ಅದು ಪ್ರತಿಸಲ ಸರಿಯಾಗಿ ತೆರೆದರೆ ವಿದ್ಯುತ್, ಸ್ಮೃತಿ, ಬೋರ್ಡ್‌ಗಳು ಬಹುಮಟ್ಟಿಗೆ ಕ್ಷೇಮವಾಗಿವೆ. ತಪ್ಪು ಡಿಸ್ಕ್‌ನಲ್ಲಿ ಅಥವಾ ವಿಂಡೋಸ್‌ನಲ್ಲಿದೆ. ಡಿಸ್ಕ್ ಗೂಢಲಿಪೀಕರಣಗೊಂಡಿಲ್ಲದಿದ್ದರೆ ಕಡತಗಳನ್ನು ಹೊರತೆಗೆಯುವುದಕ್ಕೂ ಇದೇ ದಾರಿ.

## ಮದರ್‌ಬೋರ್ಡ್

ಮೇಲಿನ ಎಲ್ಲ ಪರೀಕ್ಷೆಗಳಲ್ಲಿಯೂ ಕಾರಣ ಸಿಗದಿದ್ದಾಗ ಮಾತ್ರ ಮದರ್‌ಬೋರ್ಡನ್ನು ಅನುಮಾನಿಸಬೇಕು. ಇಲ್ಲಿ ಮುಖ್ಯವಾಗಿ ಎರಡು ಬಗೆಯ ಸವಕಳಿ ಇರುತ್ತದೆ. ವಿದ್ಯುತ್ ಏರುಪೇರನ್ನು ಸಮಗೊಳಿಸುವ ಧಾರಕಗಳು ಶಕ್ತಿಗುಂದುವುದು ಒಂದು. ಚಿಪ್ಪುಗಳ ಅಡಿಯ ಬೆಸುಗೆ ಬಿರುಕು ಬಿಡುವುದು ಇನ್ನೊಂದು. ಯಂತ್ರ ಪ್ರತಿಸಲ ಬಿಸಿಯಾಗಿ ತಣಿದಾಗಲೂ ಚಿಪ್ ಮತ್ತು ಬೋರ್ಡ್ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ, ನಡುವಿನ ಬೆಸುಗೆ ದಣಿಯುತ್ತದೆ. ಚಿಪ್ಪಿನ ಒಳಜೋಡಣೆಯೂ ಹೀಗೆಯೇ ಸೋಲಬಹುದು. 2008ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿಯು ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಕವಚ ಸಾಮಗ್ರಿಯ ದೌರ್ಬಲ್ಯದ ಕಾರಣ 15ರಿಂದ 20 ಕೋಟಿ ಡಾಲರ್ ವೆಚ್ಚ ಭರಿಸಬೇಕಾಗುತ್ತದೆಂದು ಪ್ರಕಟಿಸಿತ್ತು.

ಇಂಥ ಚಿಪ್ಪನ್ನು ಬಿಸಿಗಾಳಿಯಿಂದ ಕಾಯಿಸಿ ಮತ್ತೆ ಜೀವ ಬರಿಸುವ ವಿಧಾನ ಚಾಲ್ತಿಯಲ್ಲಿದೆ. ಅದರ ಫಲ ಸಾಮಾನ್ಯವಾಗಿ ತಾತ್ಕಾಲಿಕ. ಕಡತಗಳನ್ನು ಉಳಿಸಿಕೊಳ್ಳುವಷ್ಟು ಕಾಲಾವಕಾಶ ಅದು ಕೊಡಬಹುದು. ಶಾಶ್ವತ ದುರಸ್ತಿಯೆಂದು ಹಣ ತೆರುವಂತಿಲ್ಲ. ಕಾಫಿ, ನೀರು ಚೆಲ್ಲಿದ ಬೋರ್ಡ್, ಶಾರ್ಟ್ ಆದ ಧಾರಕ, ಸುಟ್ಟ ವಿದ್ಯುತ್ ಚಿಪ್ ಮುಂತಾದವನ್ನು ಮಾತ್ರ ನುರಿತ ತಂತ್ರಜ್ಞರು ಬಿಡಿಭಾಗ ಬದಲಿಸಿ ಸರಿಪಡಿಸಬಲ್ಲರು.

## ಬಂದು ಹೋಗುವ ದೋಷವನ್ನು ಹಿಡಿಯುವ ಕ್ರಮ

ಅನಿಶ್ಚಿತ ದೋಷದ ಪತ್ತೆಗೆ ಎರಡು ನಿಯಮಗಳು ಸಾಕು: ಪ್ರತಿ ವಿಫಲತೆಯನ್ನೂ ಬರೆದಿಡಬೇಕು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಅಡಾಪ್ಟರ್, ಸ್ಮೃತಿ, ವಿಂಡೋಸ್ ಮೂರನ್ನೂ ಒಂದೇ ದಿನ ಬದಲಿಸಿದರೆ ಯಂತ್ರ ಸರಿಹೋದರೂ ಯಾವುದರಿಂದ ಎಂಬುದು ತಿಳಿಯುವುದಿಲ್ಲ. ಬದಲಾವಣೆಯ ನಂತರ ಒಮ್ಮೆ ಸರಿಯಾಗಿ ತೆರೆದರೆ ಸಾಲದು. ಮೊದಲು ಎಷ್ಟು ದಿನಕ್ಕೊಮ್ಮೆ ತೊಂದರೆ ಬರುತ್ತಿತ್ತೋ ಅದರ ಕೆಲವು ಪಟ್ಟು ಕಾಲ ನಿಗಾ ಇಡಬೇಕು.

ಬರೆದಿಟ್ಟ ಟಿಪ್ಪಣಿಯಲ್ಲಿ ಒಂದು ವಿನ್ಯಾಸ ಕಾಣತೊಡಗುತ್ತದೆ. ತಣ್ಣಗಿರುವಾಗ ಮಾತ್ರ ವಿಫಲವಾದರೆ ಧಾರಕ, ಡಿಸ್ಕ್ ಮೋಟಾರು ಅಥವಾ ಸ್ಮೃತಿಯ ಸಂಪರ್ಕ. ಬಿಸಿಯಾದ ಮೇಲೆ ಮಾತ್ರವಾದರೆ ಫ್ಯಾನ್, ಲೇಪ ಅಥವಾ ಬೆಸುಗೆ. ಅಲುಗಿಸಿದಾಗ ಬದಲಾದರೆ ಚಾರ್ಜಿಂಗ್ ಪಿನ್ ಅಥವಾ ಸಡಿಲ ಕೇಬಲ್. ಬಹುದಿನ ಬಿಟ್ಟ ಮೇಲಾದರೆ ಗಡಿಯಾರದ ಕೋಶ ಅಥವಾ ಬ್ಯಾಟರಿ.

ಒಂದು ಉದಾಹರಣೆ ನೋಡಬಹುದು. ಹಾರ್ಡ್ ಡಿಸ್ಕ್ ಇರುವ ಹತ್ತು ವರ್ಷದ ಲ್ಯಾಪ್‌ಟಾಪ್ ಬೆಳಗಿನ ಮೊದಲ ಪ್ರಯತ್ನದಲ್ಲಿ ತೆರೆಯುವುದಿಲ್ಲ, ಎರಡನೆಯದರಲ್ಲಿ ತೆರೆಯುತ್ತದೆ. ಲಾಂಛನ ಪ್ರತಿಸಲ ಮೂಡುತ್ತದೆ. ಹೀಗಾಗಿ ಮೊದಲೆರಡು ಹಂತಗಳು ಸರಿಯಾಗಿವೆ. ಬೂಟ್ ಸಾಧನ ಇಲ್ಲವೆಂಬ ಸಂದೇಶ ಬರುವುದರಿಂದ ತೊಂದರೆ ಮೂರನೆಯ ಹಂತದ್ದು. ಕೆಲವು ದಿನ ಬೆಳಿಗ್ಗೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ತೆರೆದರೆ ಮೊದಲ ಸಲಕ್ಕೇ ತೆರೆಯುತ್ತದೆ, ಬೋರ್ಡ್ ನಿರ್ದೋಷಿ. ಡಿಸ್ಕ್‌ನ ಸ್ಮಾರ್ಟ್ ದಾಖಲೆಯಲ್ಲಿ ಬಾಕಿ ವಿಭಾಗಗಳು ಏರುತ್ತಿವೆ. ಕಡತಗಳನ್ನು ನಕಲಿಸಿ ಎಸ್‌ಎಸ್‌ಡಿ ಹಾಕುವುದು ಇದಕ್ಕೆ ಪರಿಹಾರ. ಇದೇ ಯಂತ್ರ ಬೆಳಿಗ್ಗೆ ದೀಪವನ್ನೇ ಹೊತ್ತಿಸದಿದ್ದರೆ ಇಡೀ ತರ್ಕ ಅಡಾಪ್ಟರ್‌ನಿಂದ ಆರಂಭವಾಗುತ್ತಿತ್ತು.

## ದುರಸ್ತಿ, ಮರುಬಳಕೆ, ವಿಲೇವಾರಿ

ಅಡಾಪ್ಟರ್, ಕೋಶ, ಸ್ಮೃತಿ, ಬ್ಯಾಟರಿ, ಎಸ್‌ಎಸ್‌ಡಿಗಳ ಮಟ್ಟದಲ್ಲಿ ಮುಗಿಯುವ ದುರಸ್ತಿ ಬಹುಪಾಲು ಲಾಭದಾಯಕ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಹಳೆಯ ಮಾದರಿಗಳ ಬಿಡಿಭಾಗಗಳು ದೊರೆಯುತ್ತವೆ. ಹೋಗುವ ಮೊದಲು ಹಳೆಯ ಭಾಗದ ಮೇಲಿನ ಪಾರ್ಟ್ ನಂಬರಿನ ಚಿತ್ರ ತೆಗೆದುಕೊಂಡಿರಬೇಕು. ಬೋರ್ಡ್ ಬದಲಿಸಬೇಕಾದ ಸ್ಥಿತಿ ಬಂದರೆ ಆ ಖರ್ಚನ್ನು ಅದೇ ಸಾಮರ್ಥ್ಯದ ಬಳಸಿದ ಲ್ಯಾಪ್‌ಟಾಪ್‌ನ ಬೆಲೆಯೊಡನೆ ಹೋಲಿಸಿ ನಿರ್ಧರಿಸಬೇಕು.

ತಂತ್ರಾಂಶದ ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನು ಬಯಸುವುದರಿಂದ ಎಷ್ಟೋ ಹಳೆಯ ಯಂತ್ರಗಳಿಗೆ ಅದು ಅಧಿಕೃತವಾಗಿ ಸಿಗದು. ಅಂಥ ಯಂತ್ರಗಳಲ್ಲಿ ಲಿನಕ್ಸ್ ಮಿಂಟ್, ಲುಬುಂಟು ಮುಂತಾದ ಹಗುರ ವ್ಯವಸ್ಥೆಗಳನ್ನು ಅಳವಡಿಸಿ ಬರವಣಿಗೆ, ಓದು, ಅಂತರಜಾಲಗಳಿಗೆ ಇನ್ನೂ ಕೆಲವು ವರ್ಷ ಬಳಸಬಹುದು. ಕನ್ನಡ ಯೂನಿಕೋಡ್ ಅಕ್ಷರವಿನ್ಯಾಸ ಮತ್ತು ಕೀಲಿಮಣೆ ವಿನ್ಯಾಸಗಳು ಇವುಗಳಲ್ಲಿ ಲಭ್ಯವಿವೆ.

ದುರಸ್ತಿಗೆ ನಿಲುಕದ ಯಂತ್ರವನ್ನು ಕಸದ ಬುಟ್ಟಿಗೆ ಹಾಕಬಾರದು. ಬೆಸುಗೆ, ಬ್ಯಾಟರಿ, ಬೋರ್ಡ್‌ಗಳಲ್ಲಿ ಸೀಸವೂ ಸೇರಿದಂತೆ ಹಾನಿಕಾರಕ ವಸ್ತುಗಳಿರಬಹುದು. ಜೊತೆಗೆ ತಾಮ್ರ, ಕೋಬಾಲ್ಟ್, ಚಿನ್ನದಂಥ ಮರಳಿ ಪಡೆಯಬಹುದಾದ ಲೋಹಗಳೂ ಇವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದ್ದರಿಂದ ತಯಾರಕರ ಸಂಗ್ರಹ ಕೇಂದ್ರಕ್ಕೆ ಅಥವಾ ಅಧಿಕೃತ ಮರುಬಳಕೆ ಘಟಕಕ್ಕೆ ಯಂತ್ರವನ್ನು ಒಪ್ಪಿಸಬೇಕು. ಒಪ್ಪಿಸುವ ಮುನ್ನ ಡಿಸ್ಕ್ ತೆಗೆದಿಟ್ಟುಕೊಳ್ಳಬೇಕು ಅಥವಾ ಅದರಲ್ಲಿನ ಮಾಹಿತಿಯನ್ನು ಪೂರ್ತಿ ಅಳಿಸಬೇಕು. ಇನ್ನೂ ಕೆಲಸ ಮಾಡುತ್ತಿರುವ ಸ್ಮೃತಿ ಫಲಕ, ಎಸ್‌ಎಸ್‌ಡಿ ಮತ್ತು ಅಡಾಪ್ಟರ್‌ಗಳು ಹೊಂದಿಕೆಯಾಗುವ ಇನ್ನೊಂದು ಹಳೆಯ ಲ್ಯಾಪ್‌ಟಾಪ್‌ನ ದುರಸ್ತಿಗೆ ಒದಗುತ್ತವೆ.